ಮಗ್ಗೆಯಲ್ಲಿ ಏಲಕ್ಕಿಯ ತೆನೆಹಬ್ಬ

ಸೆಪ್ಟೆಂಬರ್ ಎಂಟರ ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಕುಡುಗೋಲು ಹಿಡಿದು ಗದ್ದೆಗೆ ಹೋದೆ. ಘಟ್ಟದ ಮೇಲಿನ ಈ ಮಗ್ಗೆ ಊರಿನ ಭತ್ತ ಮೊಣಕಾಲೆತ್ತರ ನಿಂತು ನನ್ನನ್ನು ನೋಡಿತು. ತೆನೆಯ ಮಾತಿರಲಿ, ಇನ್ನೂ ಹೊಡೆಯೂ ಕಟ್ಟಿರಲಿಲ್ಲ.

"ಕುಡ್ಲು ಹಿಡ್ಕಂಡು ಯಾರ ಮೇಲೆ ದಂಡೆತ್ತಿ ಹೊಂಟ್ರಿ ಮೇಸ್ತ್ರಿ?" ಎಂದರು ನಮ್ಮ ಮನೆಯ ಮಾಲಕಿ ಗೌರಮ್ಮ. "ನಾಟಿ ಮುಗ್ದು ತಿಂಗ್ಳಾಗೈತೆ ಅಷ್ಟೆ. ತೆನೆ ಬೇಕಾದ್ರೆ ದೀಪಾವಳಿ ಕಳ್ದು ಬನ್ನಿ!"

ಕರಾವಳಿಯ ಬಂಧುಗಳೇ, ನಿಮ್ಮಲ್ಲಿ ಆ ಹೊತ್ತಿಗೆ ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಹೊಸ ತೆನೆ ಪುಣ್ಯಕ್ಷೇತ್ರದ ಪೀಠವೇರಿರುತ್ತದೆ. ಆಶೀರ್ವದಿಸಿದ ಕಾಳನ್ನು ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಉಣ್ಣಬೇಕು. ಇಲ್ಲಿನ ಎಸ್ಟೇಟ್ ಬಂಗಲೆಯ ಬಾಗಿಲು ಕೂರಿಸಲು ಘಟ್ಟ ಹತ್ತಿ ಬಂದ ಬಡಗಿ ನಾನು. ಬಾಗಿಲ ಜೊತೆ ನಾನೂ ಇಲ್ಲೇ ಕೂತುಬಿಟ್ಟೆ. ಆದರೂ ಐದು ವರ್ಷ ಹಬ್ಬಕ್ಕೆ ತಪ್ಪದೆ ಘಾಟಿ ಇಳಿದು ಬಂದೆ. ಈ ಸಲ ಮಳೆಗೆ ಘಾಟಿಯೇ ಇಳಿದುಬಿಟ್ಟಿತು. ರಸ್ತೆ ಬಂದ್.

ಊರಲ್ಲಿರುವ ಅಣ್ಣ ಬೆನೆಡಿಕ್ಟನಿಗೆ ಫೋನು ಮಾಡಿದೆ. "ತೆನೆ ಇಲ್ಲದಿದ್ರೆ ಹಬ್ಬ ಎಂತದ್ದು ಮಾರಾಯ? ನಿನ್ನ ಪಾಲನ್ನೂ ನಾವೇ ಉಣ್ತೇವೆ ಬಿಡು" ಎಂದ.

ಹೆಂಡತಿ ಲಿಲ್ಲಿ ಮದುವೆಯಾದ ಮೇಲೆ ಒಂದು ವರ್ಷವೂ ಹೊಸತು ಉಣ್ಣದೆ ಇದ್ದವಳಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಅದಕ್ಯಾಕಿಷ್ಟು ಸಪ್ಪಗಾದ್ರಿ?" ಎನ್ನುತ್ತ ಗೌರಮ್ಮ ಹಸಿರು ಏಲಕ್ಕಿಯ ಗೊಂಚಲೊಂದನ್ನು ತಂದಿಟ್ಟರು. "ನಮ್ಮಲ್ಲಿ ಈಗ ಮೊದ್ಲು ಕೈಗೆ ಬರೋದು ಇದೇ ಕಣ್ರೀ. ದೇವ್ರಿಗೆ ಮೊದಲ್ನೇದು ತಾನೆ ಬೇಕು?"

ಅಣ್ಣನಿಗೆ ಮತ್ತೆ ಫೋನಾಯಿತು. "ಏಲಕ್ಕಿಯಾ! ತೆನೆಯೇ ಆಗ್ಬೇಕು ಅಂತ ಅಜ್ಜನ ಅಜ್ಜನ ಕಾಲದ ಕ್ರಮ ಉಂಟು!"

ಕ್ರಮವಂತೆ. ನಿಮ್ಮ ಆ ಮರದ ಪೀಠಕ್ಕೆ ಇಪ್ಪತ್ತು ವರ್ಷ ಎಣ್ಣೆ ಹಚ್ಚಿದವನು ನಾನು. ಅದರ ಕೆತ್ತನೆಗೆ ಪೋರ್ಚುಗೀಸ್ ಪಾದ್ರಿಗಳು ಕೊಟ್ಟ ನಕ್ಷೆಯಲ್ಲಿದ್ದದ್ದು ಗೋಧಿ, ದ್ರಾಕ್ಷಿ ಎಂದು ನಮ್ಮಪ್ಪ ಹೇಳುತ್ತಿದ್ದರು. ನಮ್ಮೂರ ಆಚಾರಿ ಎರಡನ್ನೂ ಕಂಡವನಲ್ಲ. ಎಡಗಂಬದಲ್ಲಿ ಭತ್ತದ ತೆನೆ ಕೆತ್ತಿದ. ಬಲಗಂಬದ ದ್ರಾಕ್ಷಿಯನ್ನು ಹತ್ತಿರ ಹೋಗಿ ನೋಡಿ: ಅದು ಅಡಿಕೆಗೊನೆ. ದೇವದೂತರ ಕಿವಿಯಲ್ಲಿ ನಮ್ಮ ಅಜ್ಜಿಯಂದಿರ ಓಲೆ. ಮಾತೆಯ ಪಾದದಡಿಯ ಸರ್ಪಕ್ಕೆ ಅಪ್ಪಟ ನಾಗರಹೆಡೆ. ಪಾದ್ರಿಗಳು ಸಿಟ್ಟಾದರೋ ಏನೋ, ಕೆತ್ತನೆಯಂತೂ ಉಳಿದಿದೆ. ನೀವು ಮೊಣಕಾಲೂರುವುದು ಅದರೆದುರೇ. ನೆಲದಲ್ಲಿ ಬೆಳೆದದ್ದನ್ನು ಕೊಟ್ಟ ಆಚಾರಿ ಮಹಾಶಿಲ್ಪಿ; ನಾನು ಮಾತ್ರ ಧರ್ಮಭ್ರಷ್ಟನೇ?

ಏಲಕ್ಕಿಯನ್ನು ಮಾತೆಯ ಪಟದ ಮುಂದಿಟ್ಟು ಗಂಟಲು ಬಿಚ್ಚಿ ಹಾಡಿದೆವು. ಲಿಲ್ಲಿ ಪಾಯಸ ಮಾಡಿದಳು. ವಿಭೂತಿ ಧರಿಸಿದ ಗೌರಮ್ಮ ಎರಡು ಸಲ ಬಡಿಸಿಕೊಂಡು, "ನಿಮ್ಮಮ್ಮನಿಗೆ ರುಚಿ ಗೊತ್ತೈತೆ" ಎಂದು ತೀರ್ಪಿತ್ತರು.

ರಸ್ತೆ ತೆರೆದ ಮೇಲೆ ಅಣ್ಣನ ಲಕೋಟೆ ಬಂತು, ಒಳಗೆ ಆಶೀರ್ವದಿಸಿದ ಏಳು ಕಾಳು ಭತ್ತ. ಹಬ್ಬ ಮುಗಿದಿದೆ, ಇದರ ಅಗತ್ಯವಿಲ್ಲ ಎಂದು ಗಂಭೀರವಾಗಿ ಘೋಷಿಸಿದೆ. ಲಿಲ್ಲಿ ಕಾಳು ಸುಲಿದು ಪಾಯಸಕ್ಕೆ ಹಾಲಿಟ್ಟಳು. ಮೊದಲ ತುತ್ತಿಗೇ ನನ್ನ ಕಣ್ಣು ತೇವವಾಯಿತು. ಹೊಗೆ ಎಂದು ಗ್ಯಾಸ್ ಒಲೆಯ ಮೇಲೆ ಹೊರಿಸಿದೆ.

ಮರುದಿನ ಅಣ್ಣನಿಗೆ ಏಲಕ್ಕಿ ಕಳಿಸಿದೆ. ವಾರದ ಮೇಲೆ ಅವನೇ ಫೋನು ಮಾಡಿದ: "ಹಾಕಿದೆವು."

"ಪಾಯಸಕ್ಕಾ?"

"ಚಹಾಕ್ಕೆ."

ಚಹಾಕ್ಕಾದರೆ ಚಹಾಕ್ಕೆ. ಮುಂದಿನ ಸೆಪ್ಟೆಂಬರಿಗೆ ಏಲಕ್ಕಿ ಗೊಂಚಲು ಹಿಡಿದು ನಾನೇ ಬರುತ್ತೇನೆ. ಬಂಧುಗಳೇ, ಪೀಠದೆದುರು ಸ್ವಲ್ಪ ಸರಿದು ನಿಲ್ಲಿ.