ಡಾ. ವಿನಯಾ ಖಾಲಿ ಬಿಟ್ಟ ಕಾಲಂ

ನನ್ನ ನಿವೃತ್ತಿಗೆ ಆಗ ಎರಡು ವರ್ಷ ಉಳಿದಿತ್ತು. ಬಹ್ರೇನಿನ ಒಂದು ಖಾಸಗಿ ಪಶು ಆಸ್ಪತ್ರೆಯಲ್ಲಿ ದಂತ ವಿಭಾಗದ ಮುಖ್ಯಸ್ಥನಾಗಿದ್ದೆ. ಪ್ರಾಣಿಗಳ ಹಲ್ಲಿನ ತಜ್ಞರಾಗಲು ಪಶುವೈದ್ಯ ಪದವಿಯೊಂದೇ ಸಾಲದು. ಮಾನ್ಯತೆ ಪಡೆದ ತಜ್ಞನ ಕೈಕೆಳಗೆ ಕೆಲವು ವರ್ಷ ರೆಸಿಡೆನ್ಸಿ ಮಾಡಬೇಕು. ಪ್ರತಿ ಚಿಕಿತ್ಸೆಯನ್ನೂ ಕೇಸ್ ಲಾಗ್ ಎಂಬ ದಾಖಲೆಯಲ್ಲಿ ಬರೆದು ಅವನ ಸಹಿ ಪಡೆಯಬೇಕು. ತಜ್ಞ ಮಂಡಳಿ ಅದನ್ನು ಒಪ್ಪಿದರಷ್ಟೇ ಪರೀಕ್ಷೆಗೆ ಕೂರಬಹುದು. ನನ್ನ ರೆಸಿಡೆಂಟ್ ಉಡುಪಿ ಕಡೆಯ ಡಾ. ವಿನಯಾ. ಅದು ಆಕೆಯ ಕೊನೆಯ ವರ್ಷ. ಮಂಡಳಿ ಒಪ್ಪದಿದ್ದರೆ ಆಸ್ಪತ್ರೆಯ ಕರಾರೂ ವೀಸಾವೂ ಅಲ್ಲಿಗೇ ಮುಗಿಯುತ್ತಿದ್ದವು.

ಅಲ್ಲೇ ಬುಸೈತೀನ್ ಎಂಬ ಊರಿನಲ್ಲಿದ್ದ ಬಂಟ್ವಾಳದ ಡ್ರೈವರ್ ಹಮೀದ್ ತಮ್ಮ ಹನ್ನೆರಡು ವರ್ಷದ ಬೆಕ್ಕನ್ನು ತಂದರು. ಕೆಳದವಡೆಯ ಕೋರೆಹಲ್ಲಿನ ಬುಡದಲ್ಲಿ ಕೀವು, ಹಲ್ಲು ಕೀಳಲೇಬೇಕಿತ್ತು. ಮೊದಲು ಎಕ್ಸ್-ರೇ ತೆಗೆಯುವುದು ನಿಯಮ. ಬೇರಿನ ಸುತ್ತ ಮೂಳೆ ಎಷ್ಟು ಉಳಿದಿದೆಯೆಂದು ಅದರಿಂದಲೇ ತಿಳಿಯಬೇಕು. ಅಂದು ಬೆಳಗ್ಗೆ ಯಂತ್ರದ ಸೆನ್ಸರ್ ಕೆಟ್ಟಿತ್ತು.

“ಸರ್, ಹೊಸದು ಮಧ್ಯಾಹ್ನ ಬರ್ತದಂತೆ. ಅಷ್ಟರವರೆಗೆ ಕಾಯುವನಾ?” ಎಂದು ವಿನಯಾ ಕೇಳಿದಳು.

“ಎಂಟರ ಕೇಸ್ ಎಂಟಕ್ಕೇ. ಇಷ್ಟು ವರ್ಷ ಕಲಿತ ಬೆರಳಿಗೆ ಇನ್ನೂ ಫೋಟೋ ಬೇಕಾ?” ಎಂದೆ.

ನರ್ಸ್ ನಕ್ಕಳು. ವಿನಯಾ ಗ್ಲೌಸ್ ಹಾಕಿಕೊಂಡಳು.

ಹಲ್ಲು ಸಡಿಲಿಸುವ ಎಲಿವೇಟರನ್ನು ಆಕೆ ಮೆಲ್ಲಗೆ ತಿರುಗಿಸುವಾಗ ಚಟ್ ಎಂದಿತು. ದವಡೆ ಮುರಿದಿತ್ತು. ಒಳಗೆ ಮೂಳೆ ಸವೆದು ಕಾಗದದಷ್ಟು ತೆಳುವಾಗಿತ್ತು; ಎಕ್ಸ್-ರೇ ನೋಡದೆ ಎಂಥ ಕೈಯೂ ಅದನ್ನು ಉಳಿಸುತ್ತಿರಲಿಲ್ಲ. ದವಡೆ ಜೋಡಿಸಲು ಅರಿವಳಿಕೆಯನ್ನು ಎರಡು ಗಂಟೆ ಮುಂದುವರಿಸಿದೆವು. ಬೆಕ್ಕಿನ ಮೂತ್ರಪಿಂಡ ಮೊದಲೇ ದುರ್ಬಲ. ನಾಲ್ಕನೆಯ ದಿನ ಅದು ಸತ್ತಿತು.

“ಮೊನ್ನೆವರೆಗೆ ಮೀನು ತಿಂತಿತ್ತಲ್ಲ ಡಾಕ್ಟ್ರೇ,” ಎಂದರು ಹಮೀದ್. “ಒಂದು ಹಲ್ಲು ತೆಗೀಲಿಕ್ಕೆ ಅಲ್ವಾ ನಾನು ತಂದದ್ದು?”

“ನನ್ನ ಕೈಯಿಂದ ಆದದ್ದು ಹಮೀದ್ ಭಾಯಿ. ಕ್ಷಮಿಸಿ,” ಎಂದಳು ವಿನಯಾ. ನಾನು ಪಕ್ಕದಲ್ಲೇ ಕಡತ ನೋಡುತ್ತ ನಿಂತಿದ್ದೆ.

ಎಕ್ಸ್-ರೇ ಇಲ್ಲದೆ ಮುಂದುವರಿದರೆ ಆ ನಿರ್ಧಾರ ಯಾರದೆಂದು ಬರೆಯಲು ಲಾಗ್‌ನಲ್ಲಿ ಒಂದು ಕಾಲಂ ಇದೆ. ಆಕೆ ಎಲ್ಲವನ್ನೂ ಬರೆದು ಅದೊಂದನ್ನು ಖಾಲಿ ಬಿಟ್ಟು ನನ್ನ ಮುಂದಿಟ್ಟಳು. “ಅದನ್ನು ನೀವೇ ಬರೀರಿ ಸರ್. ನಿಮ್ಮ ಹೆಸರು ನಾನು ಹೇಗೆ ಬರೀಲಿ?”

ಖಾಲಿ ಬಿಟ್ಟರೆ ಹಲ್ಲು ಕೀಳಲು ಹೊರಟವರ ನಿರ್ಧಾರವೆಂದೇ ಮಂಡಳಿ ತಿಳಿಯುತ್ತದೆ. ನನಗೆ ಅದು ಗೊತ್ತಿತ್ತು. ಆ ವರ್ಷ ಮಂಡಳಿಯ ಪರೀಕ್ಷಕರ ಪಟ್ಟಿಯಲ್ಲಿ ನನ್ನ ಹೆಸರಿತ್ತು; ನಿಜ ಬರೆದರೆ ಅದು ಹೋಗುತ್ತಿತ್ತು. ಕೆಳಗೆ ಸಹಿ ಹಾಕಿದೆ, ಕಾಲಂ ಮುಟ್ಟಲಿಲ್ಲ. ಆಕೆ ಅದನ್ನು ನೋಡಿದಳು, ಲಾಗ್ ಮುಚ್ಚಿ ಎತ್ತಿಕೊಂಡು ಹೋದಳು.

ಮೂಲ ನಿಯಮವನ್ನೇ ಪಾಲಿಸಿಲ್ಲವೆಂದು ಮಂಡಳಿ ಅರ್ಜಿ ತಿರಸ್ಕರಿಸಿತು. ಎರಡು ತಿಂಗಳಲ್ಲಿ ವಿನಯಾ ಊರಿಗೆ ಹೊರಟುಹೋದಳು.

ಅದಾಗಿ ಐದು ತಿಂಗಳ ನಂತರ ನಾನು ಮಂಡಳಿಗೆ ನಿಜ ಬರೆದೆ. ಪರೀಕ್ಷಕರ ಪಟ್ಟಿಯಿಂದ ನನ್ನ ಹೆಸರು ತೆಗೆದರು. ಆಕೆ ಮತ್ತೆ ಅರ್ಜಿ ಹಾಕಬಹುದೆಂದರು. ಫೋನ್ ಮಾಡಿ ಹೇಳಿದೆ.

“ಬೇಡ ಸರ್. ಇಲ್ಲಿ ದನ, ನಾಯಿ ಎಲ್ಲ ನೋಡ್ತೇನೆ. ಹಲ್ಲಿನ ಕೇಸ್ ಬಂದ್ರೆ ಮಾತ್ರ ಬೇರೆಯವರ ಹತ್ರ ಕಳಿಸ್ತೇನೆ.”

ತರಬೇತಿ ಕೊಡುವವರಿಗೆ ನಾನು ಹೇಳಬಲ್ಲದ್ದು ಇಷ್ಟೇ: ನಿಮ್ಮ ಮಾತಿನಿಂದಾದ ತಪ್ಪನ್ನು ಅದೇ ದಿನ, ನಿಮ್ಮ ಕೈಯಲ್ಲೇ ಬರೆಯಿರಿ. ನನ್ನ ಪತ್ರದಲ್ಲಿ ಒಂದು ವಿವರವೂ ಬಿಟ್ಟುಹೋಗಿರಲಿಲ್ಲ. ಅದು ಯಾರ ಉಪಯೋಗಕ್ಕೂ ಬರಲಿಲ್ಲ.