‘ಸುಮ್ನೆ ಕೇಳ್ದೆ’ಗೆ ಕಿವಿಗೊಟ್ಟವರು

ಇನ್ನೂ ಬಿಸಿಲೇರಿಲ್ಲ. ದೊಡ್ಡಾಸ್ಪತ್ರೆಯ ಕೆಳಗಿನ ಹಜಾರದಲ್ಲಿ ಆಗಷ್ಟೇ ನೆಲ ಒರೆಸಿದ ಫಿನಾಯಿಲ್ ವಾಸನೆ. ವಿಚಾರಣೆ ಕೌಂಟರಿನ ಗಾಜಿನ ಮುಂದೆ ಆಗಲೇ ಸಾಲು ನಿಂತಿದೆ. ಪಕ್ಕದ ಕಂಬದ ಬುಡದಲ್ಲಿ ನರೆಗೂದಲ ಹೆಂಗಸೊಬ್ಬರು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಯಾರಿಗೋ ಕಾಯುವವರ ಹಾಗೆ ಇಲ್ಲಿ ಕೂತು, ಜನ ಏನು ಕೇಳುತ್ತಾರೆ ಎಂದು ಕೇಳಿಸಿಕೊಳ್ಳುವುದು ಅವರ ಕೆಲಸ. ಇವತ್ತು ಮಾತ್ರ ಅವರು ನಿಜವಾಗಿಯೂ ಕಾಯುತ್ತಿದ್ದಾರೆ. ಪಕ್ಕದಲ್ಲಿ ಕೂತ ಯಜಮಾನರನ್ನು ಇನ್ನೇನು ಹೃದಯದ ಡಾಕ್ಟರು ಒಳಗೆ ಕರೆಯುತ್ತಾರೆ. ಎದೆ ಕೊಯ್ಯಬೇಕೋ, ಮಾತ್ರೆಯಲ್ಲೇ ವಾಸಿಯಾಗುತ್ತದೋ ಇವತ್ತು ತೀರ್ಮಾನ.

ಅಷ್ಟು ಆತಂಕದಲ್ಲೂ ಕಿವಿ ತನ್ನ ಪಾಡಿಗೆ ತಾನು ದುಡಿಯುತ್ತಿದೆ. ಕೌಂಟರಿನಲ್ಲಿ ಮುದುಕರೊಬ್ಬರು ಎಕ್ಸ್‌ರೇ ಕೋಣೆ ಎಲ್ಲಿ ಎಂದು ಕೇಳಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬರುತ್ತಾರೆ. “ಇಲ್ಲಿ ರಕ್ತ ಕೊಡೋರು ಸಿಕ್ತಾರೇನಪ್ಪಾ? ಹಾಗೇ ಸುಮ್ನೆ ಕೇಳ್ದೆ.” ಕಂಬದ ಬುಡದಲ್ಲಿ ಕೂತ ಈ ಮೇಡಂ ಕಿವಿ ನಿಮಿರುತ್ತದೆ. “ಅದೇ ನೋಡಿ ಅಸಲಿ ಪ್ರಶ್ನೆ. ಎಕ್ಸ್‌ರೇ ಬರೀ ನೆಪ. ಜೀವಕ್ಕೆ ಬಂದಿದ್ದನ್ನ ಜನ ಯಾವತ್ತೂ ‘ಸುಮ್ನೆ’ ಅಂತ್ಲೇ ಕೇಳೋದು,” ಎಂದು ಪಿಸುಗುಡುತ್ತಾರೆ.

ವಿಶ್ವವಿದ್ಯಾಲಯದಲ್ಲಿ ಅವರು ಕಲಿಸುವ ವಿಷಯಕ್ಕೆ ಮಾಹಿತಿ ವರ್ತನೆ ಎಂಬ ಗಂಭೀರ ಹೆಸರಿದೆ. ಬೇಕಾದ ಸಂಗತಿಯನ್ನು ಮನುಷ್ಯ ಎಲ್ಲಿ ಹುಡುಕುತ್ತಾನೆ, ಯಾರನ್ನು ಕೇಳುತ್ತಾನೆ, ಯಾರನ್ನು ಕೇಳಲು ನಾಚುತ್ತಾನೆ, ಗೊತ್ತಾಗದಿದ್ದರೇ ಒಳ್ಳೆಯದು ಎಂದು ಯಾವಾಗ ಮುಖ ತಿರುಗಿಸುತ್ತಾನೆ, ಇದೇ ಅವರ ಪಾಠ, ಇದೇ ಸಂಶೋಧನೆ. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಸುಮ್ನೆ ಮೇಡಂ’. ನೆಂಟರಿಗೆ ಮಾತ್ರ ಇವತ್ತಿಗೂ ಅವರ ಕೆಲಸ ಏನೆಂದು ತಲೆಗೆ ಹೋಗಿಲ್ಲ. “ಇನ್ನೊಬ್ಬರ ಮಾತಿಗೆ ಕಿವಿಗೊಡೋಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನನಗೆ ಎಷ್ಟು ಬಾಕಿ ಬರಬೇಕು!” ಎಂದು ಅವರ ಅತ್ತೆ ಕೇಳಿದ್ದು ಮನೆಯಲ್ಲಿ ಇನ್ನೂ ನಗೆಯ ಸರಕು.

ಶುರುವಾಗಿದ್ದು ಒಂದು ಪೆದ್ದುತನದಿಂದ. ಆಗ ಅವರು ಊರಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಹುಡುಗಿ. ತಾಯಿಯೊಬ್ಬಳು ಬಂದು, ಕುಂಡದಲ್ಲಿ ಬೆಳೆಸುವ ಗಿಡಗಳ ಪುಸ್ತಕ ಇದೆಯಾ, ಸುಮ್ಮನೆ ಕೇಳಿದೆ ಎಂದಳು. ಇವರು ‘ಗುಲಾಬಿ ಬೆಳೆಯುವ ಬಗೆ’ ಎಂಬ ಪುಸ್ತಕ ತೆಗೆದುಕೊಟ್ಟರು. ಆಕೆ ಪುಟ ತಿರುಗಿಸುವ ಅವಸರ ಕಂಡು ಅನುಮಾನ ಬಂದು ಕೆದಕಿದಾಗಲೇ ಗೊತ್ತಾಗಿದ್ದು, ಮನೆಯಲ್ಲಿ ಮಗು ಯಾವುದೋ ಎಲೆ ಅಗಿದು ವಾಂತಿ ಮಾಡುತ್ತಿದೆ ಎಂದು. ಇಬ್ಬರೂ ಓಡಿದರು, ಮಗು ಉಳಿಯಿತು. “ನೇರವಾಗಿ ಕೇಳೋಕೆ ಆ ತಾಯಿಗೆ ಏನು ಅಡ್ಡ ಬಂತು? ಅದೊಂದನ್ನ ತಿಳ್ಕೊಳ್ಳೋಕೆ ಹೋಗಿ ತಲೆ ಹಣ್ಣಾಯ್ತು,” ಎನ್ನುತ್ತಾರೆ.

ದಾರಿಯೇನೂ ಹೂವಿನದಾಗಿರಲಿಲ್ಲ. ಕಳಿಸಿದ ಪ್ರಬಂಧಗಳು ‘ಇದು ಎಲ್ಲರಿಗೂ ಗೊತ್ತಿರುವುದೇ’ ಎಂಬ ಷರಾದೊಂದಿಗೆ ಗೋಡೆಗೆಸೆದ ಚೆಂಡಿನಂತೆ ವಾಪಸ್ಸಾದವು. ಬಡ್ತಿ ಅವರನ್ನು ದಾಟಿ ಕಿರಿಯರಿಗೆ ಹೋಯಿತು. ತರಗತಿಯನ್ನು ಜೆರಾಕ್ಸ್ ಯಂತ್ರದ ಪಕ್ಕದ ಕಿಷ್ಕಿಂಧೆಗೆ ತಳ್ಳಿದರು. ಕೆಲವು ವರ್ಷ ಬೆರಳೆಣಿಕೆಯಷ್ಟು ಮಕ್ಕಳು, ಒಂದು ವರ್ಷ ಒಬ್ಬನೇ. ಆ ಒಬ್ಬನಿಗೂ ಪೂರ್ತಿ ಪಾಠ ಮಾಡಿದ್ದಾರೆ. “ಪಾಪ, ಅವನಿಗೆ ತೂಕಡಿಸೋಕೂ ಬಿಡುವಿರಲಿಲ್ಲ,” ಎಂದು ಈಗ ನಗುತ್ತಾರೆ.

ಇಂಥವರೂ ಎಡವಿದರು, ಅದೂ ತಮ್ಮ ಮನೆಯಲ್ಲೇ. ಯಜಮಾನರದು ಕನ್ನಡಕದ ಅಂಗಡಿ. ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಅವರು ಕೇಳಿದರು: “ಏ, ನಿನ್ನ ಆಸ್ಪತ್ರೆಲಿ ಹಾರ್ಟ್ ಡಾಕ್ಟ್ರು ಯಾವತ್ತು ಬರ್ತಾರೆ? ಸುಮ್ನೆ ಕೇಳ್ದೆ.” ಇವರು ಗುರುವಾರ ಎಂದರು. ಎಂದದ್ದೇ ಇವರ ಮುಖ ಅರಳಿತು. ಎಷ್ಟು ಚೆಂದದ ಉದಾಹರಣೆ, ಅದೂ ಮನೆಬಾಗಿಲಿಗೇ ಬಂದಿದೆ! ನೇರ ತರಗತಿಗೆ ಹೋಗಿ, ಬೋರ್ಡಿನ ಮೇಲೆ ಆ ಮಾತು ಬರೆದು, ಸಂಭ್ರಮದಿಂದ ಬಿಡಿಸಿ ಹೇಳತೊಡಗಿದರು. ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ ಎದ್ದು ನಿಂತಳು. “ಮೇಡಂ, ಹಾಗಾದ್ರೆ ಸರ್‌ಗೆ ಎದೆನೋವಾ?”

ಸೀಮೆಸುಣ್ಣ ಕೈಜಾರಿತು. ಫೋನ್ ಮಾಡಿದರೆ ಎತ್ತುತ್ತಿಲ್ಲ. ಸಿಕ್ಕ ಬಸ್ಸು ಹತ್ತಿ ಜೀವ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋದರೆ, ಯಜಮಾನರು ಒಂದು ಕೈಯಲ್ಲಿ ಗಿರಾಕಿಗೆ ಫ್ರೇಮು ತೋರಿಸುತ್ತಾ ಇನ್ನೊಂದು ಕೈಯಲ್ಲಿ ಎಡಭುಜ ನೀವಿಕೊಳ್ಳುತ್ತಿದ್ದರು. ಅವತ್ತೇ ಆಸ್ಪತ್ರೆಗೆ ಸೇರಿಸಿ, ಮುಚ್ಚಿಹೋಗಿದ್ದ ಒಂದು ರಕ್ತನಾಳ ಬಿಡಿಸಿದರು. ಅರ್ಧಂಬರ್ಧ ಕಟ್ಟಿಕೊಂಡಿರುವ ಉಳಿದ ನಾಳಗಳು ಔಷಧಿಗೆ ಬಗ್ಗುತ್ತವೋ ನೋಡೋಣ ಎಂದಿದ್ದರು ಡಾಕ್ಟರು. “ಊರವರ ‘ಸುಮ್ನೆ’ಗೆಲ್ಲಾ ಅರ್ಥ ಹೇಳೋಳು ನಾನು. ಗಂಡ ಕೇಳಿದ್ರೆ ಪಾಠಕ್ಕೆ ಉದಾಹರಣೆ ಸಿಕ್ತು ಅಂತ ಕುಣಿದೆನಲ್ರೀ!” ಎಂದು ಮೇಡಂ ಹಣೆ ಚಚ್ಚಿಕೊಳ್ಳುತ್ತಾರೆ.

ಅಷ್ಟರಲ್ಲಿ ಕರೆ ಬರುತ್ತದೆ. ಗಂಡ ಹೆಂಡತಿ ಒಳಗೆ ಹೋಗುತ್ತಾರೆ. ಡಾಕ್ಟರು ಎದುರಿನ ಕುರ್ಚಿ ತೋರಿಸುತ್ತಾರೆ, ಯಜಮಾನರು ಕೂರುತ್ತಾರೆ, ಕೂತು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ. “ಡಾಕ್ಟ್ರೇ, ನನಗೆ ತುಂಬಾ ಹೆದರಿಕೆ ಆಗ್ತಿದೆ. ನಾನು ಉಳೀತೀನಾ?” ಹೆಂಡತಿ ಬೆಚ್ಚಿ ಅವರ ಮುಖ ನೋಡುತ್ತಾರೆ. ಡಾಕ್ಟರು ಪರೀಕ್ಷೆಯ ಚಿತ್ರಗಳನ್ನು ಬೆಳಕಿಗೆ ಹಿಡಿದು ನಗುತ್ತಾರೆ. “ಕೊಯ್ಯೋದೇನೂ ಬೇಡ. ಮಾತ್ರೆ ಬಿಡಬೇಡಿ, ದಿನಾ ನಡೀರಿ. ಇನ್ನೂ ಬಹಳ ವರ್ಷ ನೀವು ಮೇಡಂ ಪಾಠ ಕೇಳಬೇಕಾಗುತ್ತೆ.”

ಹೊರಗೆ ಬಂದವರೇ ಮೇಡಂ ಕಂಬಕ್ಕೆ ಒರಗಿ ಅಳುತ್ತಾರೆ. ಹೋದ ಜೀವ ಬಂದಂತಾಗಿದೆ, ಮುಚ್ಚಿಡುವ ಗೋಜಿಗೇ ಹೋಗುವುದಿಲ್ಲ. “ಲೇ, ಉಳಿದಿದ್ದೀನಿ ಕಣೇ, ಈಗ್ಯಾಕೆ ಅಳ್ತೀಯ?” ಎಂದು ಯಜಮಾನರು ಸುತ್ತ ನೋಡಿ ನಾಚಿಕೊಂಡು, ಔಷಧಿ ಅಂಗಡಿಯ ಕಡೆ ನಡೆಯುತ್ತಾರೆ. ಹೆಜ್ಜೆ ಹಗುರವಾಗಿದೆ.

ಇಷ್ಟು ವರ್ಷ ದುಡಿದಿದ್ದೀರಿ, ಮುಂದೇನು ಆಸೆ ಎಂದು ಕೇಳಿದರೆ ಮೇಡಂ ಸೆರಗಿನಲ್ಲಿ ಮೂಗೊರೆಸಿಕೊಂಡು ಕೌಂಟರಿನತ್ತ ಕೈ ತೋರಿಸುತ್ತಾರೆ. “ಅಲ್ಲಿ, ಗಾಜಿನ ಈಚೆ ಕಡೆ, ಕೇಳೋಕೆ ಬರೋರಿಗೆ ಅಂತ ಒಂದು ಕುರ್ಚಿ ಹಾಕಿಸ್ಬೇಕು. ನಿಂತ್ಕೊಂಡು, ಹಿಂದೆ ಸಾಲು ನೂಕ್ತಿದ್ರೆ, ಯಾರು ತಾನೇ ಬಾಯಿಬಿಡ್ತಾರೆ? ಇವತ್ತು ಇವರು ಕೂತ್ಮೇಲೆ ತಾನೇ ಹೆದರಿಕೆ ಅಂದಿದ್ದು? ಇಷ್ಟು ತಿಂಗಳು ಪಕ್ಕದಲ್ಲೇ ಮಲಗ್ತಿದ್ದೆ. ನನ್ನ ಹತ್ರ ಒಂದು ಸಲನೂ ಹೇಳಿರ್ಲಿಲ್ಲ.”