ಮಿಟುಕುವ ಹಳದಿ ದೀಪ

ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದಿದ್ದ ಫೋಟೊ ಸ್ಟುಡಿಯೋಗೆ ೨೦೦೩ರಲ್ಲಿ ಎರಡು ಕಂಪ್ಯೂಟರ್ ಬಂದಾಗ ಕೇಬಲ್ ಎಳೆದವನು ಭೇರ್ಯದ ಕಾಂತರಾಜು. ನಡುವೆ ಸ್ವಿಚ್ ಎಂಬ ಪುಟ್ಟ ಪೆಟ್ಟಿಗೆ ಕೂರಿಸಿ, ಫೋಟೊ ತಿದ್ದುವ ಪ್ರಮೀಳಾಗೆ ಹೇಳಿದ್ದ: “ಎಷ್ಟು ಜೋರಾಗಿ ಓಡ್ಬೇಕು, ಇಬ್ರೂ ಒಟ್ಗೇ ಮಾತಾಡೋದಾ, ಸರದಿ ಮೇಲಾ ಅಂತ ಎರಡು ತುದೀನೂ ಕೇಳ್ಕಂಡು ಒಪ್ಕತವೆ ಕಣಕ್ಕ. ಸೆಟ್ಟಿಂಗ್ ಆಟೋದಲ್ಲೇ ಬುಡಿ, ಕೈ ಹಾಕ್ಬ್ಯಾಡಿ.”

ಬೇಡ ಎಂದದ್ದನ್ನೇ ಮಾಡುವುದು ಮನುಷ್ಯರ ಜಾಯಮಾನ. ‘ಫುಲ್ ಡುಪ್ಲೆಕ್ಸ್’, ಅಂದರೆ ಇಬ್ಬರೂ ಒಟ್ಟಿಗೇ ಮಾತಾಡುವುದು, ಎಂದಿಟ್ಟರೆ ಇನ್ನೂ ವೇಗ ಎಂದು ಯಾರೋ ಅಂದರು. ಪ್ರಮೀಳಾ ತನ್ನ ಕಂಪ್ಯೂಟರಿನ ಸೆಟ್ಟಿಂಗನ್ನು ಹಾಗೇ ಬಿಗಿದಿಟ್ಟಳು. ಬಿಗಿದಿಟ್ಟ ತುದಿ ತನ್ನ ವಿಚಾರ ಹೇಳುವುದೇ ಇಲ್ಲ. ಉತ್ತರ ಕಾಣದ ಸ್ವಿಚ್, ಸರದಿಯೇ ಇರಬೇಕೆಂದುಕೊಂಡಿತು. ಇವಳ ಯಂತ್ರ ಅದರ ಮಾತಿನ ಮೇಲೇ ಮಾತಾಡತೊಡಗಿತು. ಸಣ್ಣ ಫೋಟೊ ಸರಾಗ ಹೋಗುತ್ತಿತ್ತು. ಮದುವೆ ಆಲ್ಬಮ್ ಕಳಿಸಿದರೆ ಸ್ವಿಚ್ಚಿನ ಹಳದಿ ದೀಪ ಪಿಳಪಿಳ ಮಿಟುಕಿ ಎಲ್ಲವೂ ಆಮೆ ನಡಿಗೆ.

ಕಾಂತರಾಜು ಬಂದ. “ಸೆಟ್ಟಿಂಗ್ ಏನಾರ ಮುಟ್ಟಿದ್ರಾ ಅಕ್ಕ?”

“ಇಲ್ಲ ಕಣಪ್ಪ,” ಎಂದಳು. ಮಾಲೀಕ ಶಿವನಂಜಪ್ಪ ಪಕ್ಕದಲ್ಲೇ ನಿಂತಿದ್ದ.

ಅವಳನ್ನು ನಂಬಿ ಆ ಬಡಪಾಯಿ ಮೂರು ಸಲ ಏಣಿ ಹತ್ತಿ ಕೇಬಲ್ ಬದಲಿಸಿದ. ಕೊನೆಗೆ “ನಿನ್ ಕೈಗುಣವೇ ಸರಿಯಿಲ್ಲ ಕಣಯ್ಯ” ಎಂದು ಶಿವನಂಜಪ್ಪ ಅಟ್ಟಿದ. ಊರ ಬಾಯಿಗೆ ಬೀಗವುಂಟೆ? ಮಾತು ಕೆ.ಆರ್. ನಗರದವರೆಗೂ ಹೋಯಿತು, ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಮರುವರ್ಷ ಕಾಮಾಲೆಯಾಗಿ ತೀರಿಕೊಂಡ.

ದೀಪ ಮಿಟುಕಿದಾಗಲೆಲ್ಲ ಪ್ರಮೀಳಾಗೆ ಬೆನ್ನ ಹಿಂದೆ ಏಣಿ ಕಿರುಗುಟ್ಟಿದಂತಾಗುತ್ತಿತ್ತು. ಸೆಟ್ಟಿಂಗ್ ಬದಲಿಸಿ ನೋಡಬಹುದಿತ್ತು. ಸರಿಹೋದರೆ ತನ್ನ ಸುಳ್ಳು ಏನು ಮಾಡಿತೆಂದು ಗೊತ್ತಾಗಿಬಿಡುತ್ತದೆ ಎಂದು ಹೆದರಿದಳು.

ಕಾಂತರಾಜು ತೀರಿಕೊಂಡ ಹತ್ತನೆಯ ದಿನ ಅವನ ತಾಯಿ ಪುಟ್ಟಮಲ್ಲಮ್ಮ ಮಗನ ಹಳೆಯ ಫೋಟೊ ಹಿಡಿದು ಬಂದರು. ನಾಳೆ ತಿಥಿ, ದೊಡ್ಡದು ಮಾಡಿಕೊಡಬೇಕು. ಸ್ಕ್ಯಾನ್ ಮಾಡಿ ಪ್ರಿಂಟರಿನ ಕಂಪ್ಯೂಟರಿಗೆ ಕಳಿಸಿದರೆ ಅರ್ಧಕ್ಕೇ ನಿಂತಿತು. ಹಳದಿ ದೀಪ ಪಿಳಪಿಳ.

“ಅವ್ನೇ ತಡೀತಾವ್ನೆ,” ಎಂದು ಶಿವನಂಜಪ್ಪ ಪಿಸುಗುಟ್ಟಿದ.

ಪ್ರಮೀಳಾ ಸೆಟ್ಟಿಂಗ್ ತೆರೆದು ಮತ್ತೆ ಆಟೋಗೆ ಹಾಕಿದಳು. ದೀಪ ಮಿಟುಕುವುದು ನಿಂತು ಸ್ಥಿರವಾಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಾಂತರಾಜು ಆಚೆ ಕಂಪ್ಯೂಟರಿನ ಪರದೆಯ ಮೇಲಿದ್ದ.

“ಸಾಯೋಗಂಟ ಕೇಳ್ತಿದ್ದ ಕಣವ್ವ,” ಎಂದರು ಪುಟ್ಟಮಲ್ಲಮ್ಮ, “ಎಲ್ಲಿ ತಪ್ಪು ಮಾಡ್ದೆ ಅಂತ.”

“ಅವ್ರ್ದು ತಪ್ಪಿರ್ಲಿಲ್ಲ ಕಣಮ್ಮ. ಮುಟ್ಟಿದ್ದೋಳು ನಾನು. ಮುಟ್ಟಿಲ್ಲ ಅಂದ್ಬುಟ್ಟೆ.”

ಮುದುಕಿ ಪರದೆಯ ಮೇಲಿನ ಮಗನ ಮುಖ ಸವರಿದರು.

“ನಾಳೆ ಫೋಟೊ ನೀನೇ ತಕ್ಕಂಡು ಬಾ. ಎಡೆ ಇಕ್ಕೋವಾಗ ಅವ್ನ್ ಮುಂದೆ ಯೋಳು.”

ಅಷ್ಟು ಹೇಳಿ ಬರಿಗೈಯಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.